ಕಾರಣ: ಪತ್ತೆಯಾಗಿಲ್ಲ

ನುರ್ಮೆಸ್, 16 ಆಗಸ್ಟ್ 2011

ಪ್ರೀತಿಯ ತೈಸ್ತೋ,

ಕೋಟ್ಕಾದ ನಿನ್ನ ಮನೆಯಿಂದ ಊರು ಸೇರಿದೆ. ಕೀಲಿಕೈಯನ್ನ ನೀನು ಹೇಳಿದ ಹಾಗೆ ಬಾಗಿಲಿನ ಅಂಚೆ ಸೀಳಿನಿಂದ ಒಳಗೆ ಹಾಕಿದೀನಿ. ನೀನು ನಾರ್ವೆಯ ಕೆಲಸ ಮುಗಿಸಿ ಬರೋದು ಸೆಪ್ಟೆಂಬರ್ ಕೊನೆಗೆ. ಅಲ್ಲೀವರೆಗೆ ಈ ಕಾಗದ ಬಾಗಿಲ ಹಿಂದೆ ಬಿದ್ದಿರುತ್ತೆ. ಬಂದ ಮೇಲೆ ಮೊದಲು ಇದನ್ನ ಓದು, ಆಮೇಲೆ ಒಳಗೆ ಹೋಗಿ ದೀಪ ಹಾಕು.

ಅಮ್ಮ ನೇಯ್ದ ಚಿಂದಿ ಜಮಖಾನಗಳು ನಿನ್ನ ಕಪಾಟಿನ ಮೇಲೆ ಸುತ್ತಿಟ್ಟ ಹಾಗೇ ಇದ್ವು. ಎರಡನ್ನೂ ಕೈಗಾಡಿಗೆ ಹಾಕ್ಕೊಂಡು ಸಮುದ್ರದ ಪಕ್ಕದ ತೊಳೆಯೋ ಕಟ್ಟೆಗೆ ಒಯ್ದೆ. ಪೈನ್ ಎಣ್ಣೆ ಸೋಪು ಹಾಕಿ ಉಜ್ಜಿ ಉಜ್ಜಿ ತೋಳು ಬಿದ್ದುಹೋಯ್ತು. ಪಕ್ಕದಲ್ಲಿ ತೊಳೀತಿದ್ದ ಹೆಂಗಸು, "ಯಾರ ಕೈ ಕೆಲಸ ಇದು?" ಅಂದಳಂತೆ. ನನಗೆ ಕೇಳಲಿಲ್ಲ. ಕಿವಿ ಮಂದ ಅಂತ ಗೊತ್ತಾದ ಮೇಲೆ ಇಡೀ ಬಂದರಿಗೆ ಕೇಳೋ ಹಾಗೆ ಕೂಗಿದಳು. "ನಮ್ಮಮ್ಮಂದು" ಅಂದೆ. "ಈಗಿನವರಿಗೆ ಇಂಥ ಕೆಂಪು ಹಾಕೋಕೆ ಬರಲ್ಲ ಬಿಡಿ" ಅಂದಳು. ನನಗೆ ಒಂದು ಗೇಣು ಎತ್ತರ ಬೆಳೆದ ಹಾಗಾಯ್ತು.

ಇವು ದಪ್ಪ, ಒಣಗೋಕೆ ಎರಡು ದಿನ ಬಿಸಿಲು ಬೇಕು ಅಂತಲೂ ಅವಳೇ ಹೇಳಿದ್ದಳು. ಆದರೆ ಮಾರನೇ ದಿನವೇ ಮೋಡ ಮುಚ್ಚಿತು. ಮಳೆ ಬರೋ ಹಾಗಿರುವಾಗ ಕಂಬಿ ಮೇಲೆ ಬಿಟ್ಟು ಹೋಗೋದು ಹೇಗೆ? ಮುಟ್ಟಿದರೆ ಸ್ವಲ್ಪ ತಣ್ಣಗಿತ್ತು, ಅಷ್ಟೇ. ನಿನ್ನ ಮನೆ ಬೆಚ್ಚಗಿದೆ, ಅಲ್ಲೇ ಆರುತ್ತೆ ಅಂತ ತಂದು ಹಾಸಿಬಿಟ್ಟೆ. ಎರಡನ್ನೂ ಉದ್ದಕ್ಕೆ ಬಿಟ್ಟಿದೀನಿ, ಅಡುಗೆಮನೆ ಬಾಗಿಲ ಹತ್ರ ಒಂದರ ತುದಿ ಇನ್ನೊಂದರ ಮೇಲೆ ಬರೋ ಹಾಗೆ. ಕಿಟಕಿಗಳನ್ನೆಲ್ಲ ಭದ್ರ ಮಾಡಿದೀನಿ.

ಆ ಮನೆಗೆ ಎರಡು ವರ್ಷದ ಹಿಂದೆ ಜಾಮೀನು ಸಹಿ ಹಾಕಿದ್ದು ನಾನೇ ಆದರೂ ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ಅಚ್ಚುಕಟ್ಟಾಗಿಟ್ಟಿದೀಯ.

ಫೋನ್ ಮಾಡಬೇಡ. ಮೂವತ್ತು ವರ್ಷ ಗರಗಸದ ಕಾರ್ಖಾನೆಗೆ ಕೊಟ್ಟ ಕಿವಿ ಇದು, ನಿನ್ನ ಪಿಸುದನಿ ಅದಕ್ಕೆ ಹತ್ತಲ್ಲ. ಬರಿ.

ಸಿನಿಕ್ಕಾ

*

ಕೋಟ್ಕಾ, 2 ಅಕ್ಟೋಬರ್ 2011

ಪ್ರಿಯ ಅಕ್ಕ,

ನಿನ್ನ ಪತ್ರ ಬಾಗಿಲ ಹಿಂದೆ ಕಾದಿತ್ತು. ನೀನು ಹೇಳಿದ ಕ್ರಮದಲ್ಲೇ ಮೊದಲು ಅದನ್ನು ಓದಿ, ಆಮೇಲೆ ದೀಪ ಹಾಕಿದೆ.

ಜಮಖಾನಗಳು ಚೆನ್ನಾಗಿವೆ. ಅಮ್ಮನ ಬಣ್ಣಗಳು ಇಷ್ಟು ಸ್ಪಷ್ಟವಾಗಿ ಕಂಡು ಬಹಳ ಕಾಲವಾಗಿತ್ತು. ನೀನು ಪಟ್ಟ ಶ್ರಮಕ್ಕೆ ಕೃತಜ್ಞ. ಸದ್ಯಕ್ಕೆ ಅವನ್ನು ಗಾಳಿಯಾಡಲೆಂದು ಬಾಲ್ಕನಿಯ ಕಂಬಿಗೆ ಹಾಕಿದ್ದೇನೆ.

ನಾರ್ವೆಯಲ್ಲಿ ಒಂದು ಶಾಲಾ ಕಟ್ಟಡದ ಗೋಡೆಗಳ ತೇವ ಅಳೆಯುವ ಕೆಲಸವಿತ್ತು. ನೀರು ಎಲ್ಲಿಂದ ಬರುತ್ತಿದೆ ಎಂಬುದರ ಬಗ್ಗೆ ಮೂವರು ತಜ್ಞರಿಗೆ ಮೂರು ಅಭಿಪ್ರಾಯಗಳಿದ್ದವು. ಅದು ಛಾವಣಿಯಿಂದಲ್ಲ, ತಳಪಾಯದಿಂದ ಎಂದು ನಾನು ಬರೆದುಕೊಟ್ಟೆ. ಅಗೆದಾಗ ಹಾಗೆಯೇ ಇತ್ತು. ಇಲ್ಲಿಯ ವಿಮಾ ಕಂಪನಿಯವರೂ ಮನೆಗಳಲ್ಲಿ ನೀರು ಸೋರಿದಾಗ ನನ್ನ ವರದಿಯನ್ನು ಮರುಪ್ರಶ್ನೆಯಿಲ್ಲದೆ ಒಪ್ಪುತ್ತಾರೆ. ಪ್ರತಿ ಏಪ್ರಿಲ್‌ನಲ್ಲಿ ಒಪ್ಪಂದ ನವೀಕರಿಸುತ್ತಾರೆ. ಒಬ್ಬನೇ ನಡೆಸುವ ಉದ್ಯೋಗದಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಇನ್ನೊಂದು ವಿಷಯ. ಮನೆಯ ಮಾಲೀಕರಾದ ರೌಹಾಲಾ ಅವರಿಗೆ ಈ ಮನೆ ಮಗಳಿಗಾಗಿ ಬೇಕಂತೆ. ಜುಲೈನಲ್ಲೇ ತಿಳಿಸಿದ್ದರು. ಈ ತಿಂಗಳ ಕೊನೆಗೆ ಖಾಲಿ ಮಾಡುತ್ತೇನೆ.

ನಿನ್ನ,
ತೈಸ್ತೋ

*

ನುರ್ಮೆಸ್, 21 ಅಕ್ಟೋಬರ್ 2011

ಪ್ರೀತಿಯ ತೈಸ್ತೋ,

ಒಂದು ಬೇಸಿಗೆ ಪೂರ್ತಿ ಬಿಟ್ಟು ಅಕ್ಟೋಬರಿನ ಮಂಜಿನಲ್ಲಿ ಜಮಖಾನಕ್ಕೆ ಗಾಳಿ ಹಾಕ್ತಿರೋದು ಇಡೀ ಫಿನ್‌ಲ್ಯಾಂಡಿನಲ್ಲಿ ನೀನೊಬ್ಬನೇ ಇರಬೇಕು. ಇಂಥವನನ್ನ ನಂಬಿ ಕಂಪನಿಯವರು ತೇವ ಅಳೆಸ್ತಾರಲ್ಲ!

ಚರ್ಚಿನ ಹೊಲಿಗೆ ಗುಂಪಿನಲ್ಲಿ ಎಲ್ಲರಿಗೂ ಹೇಳಿದೀನಿ. "ತಮ್ಮ ಬಾಗಿಲು ತೆಗೆದು ದೀಪ ಹಾಕಿದಾಗ ಅವನ ಮುಖ ಹೇಗಿತ್ತಂತೆ?" ಅಂತ ಅವರು ಕೇಳಿದರೆ ಏನು ಹೇಳಲಿ? ಛಾವಣಿ, ತಳಪಾಯ ಅಂತ ಅರ್ಧ ಪುಟ ಬರೆದಿದೀಯ. ನೆಲದ ಮೇಲೆ ಜಮಖಾನ ಹೇಗೆ ಕಾಣ್ತಿತ್ತು ಅಂತ ಒಂದು ಸಾಲಿಲ್ಲ. ಅದನ್ನ ಬರಿ. ಹೊಸ ಮನೇಲಿ ಹಾಸಿದ ಮೇಲೆ ಫೋಟೋನೂ ಕಳಿಸು.

ಸಿನಿಕ್ಕಾ

*

ಕಾರ್ಹುಲಾ, 13 ನವೆಂಬರ್ 2011

ಪ್ರಿಯ ಅಕ್ಕ,

ಸಾಮಾನು ಸಾಗಿಸಿ ಆಯಿತು. ಹೊಸ ವಿಳಾಸ ಲಕೋಟೆಯ ಹಿಂದೆ ಇದೆ. ಇದು ಹಳೆಯ ಮನೆಗಿಂತ ಚಿಕ್ಕದು. ಜಮಖಾನಗಳಿಗೆ ಸದ್ಯ ಜಾಗವಿಲ್ಲದ ಕಾರಣ ಸುತ್ತಿ ಒಣ ಜಾಗದಲ್ಲಿ ಇಟ್ಟಿದ್ದೇನೆ.

ಬಿಡುವ ದಿನ ರೌಹಾಲಾ ಬಂದು ಮನೆ ಪರೀಕ್ಷಿಸಿದರು. ಒಂದೆರಡು ಅಂಶಗಳಲ್ಲಿ ನಮಗೆ ಅಭಿಪ್ರಾಯಭೇದವಿದೆ. ಪತ್ರಮುಖೇನ ಬಗೆಹರಿಯುತ್ತದೆ.

ನೆಲದ ಮೇಲೆ ಅವು ಹೇಗೆ ಕಂಡವು ಎಂದು ಕೇಳಿದ್ದೀಯೆ. ದೀಪ ಹಾಕಿದಾಗ, ಯಾರೋ ಒಳಗಿದ್ದಾರೆ ಎನ್ನಿಸಿತು. ಇದನ್ನು ಹೊಲಿಗೆ ಗುಂಪಿನವರಿಗೆ ಹೇಳಬಹುದು.

ತೈಸ್ತೋ

*

ನುರ್ಮೆಸ್, 19 ಜನವರಿ 2012

ತೈಸ್ತೋ,

ಕ್ರಿಸ್ಮಸ್ಸಿಗೆ ಬರೀ ಕಾರ್ಡು ಕಳಿಸಿದೆ. ಕೆಲಸ ಹೆಚ್ಚಿರಬೇಕು ಅಂದ್ಕೊಂಡೆ.

ನಿನ್ನೆ ಹಾಲು ತರೋಕೆ ಅಂಗಡಿಗೆ ಹೋಗಿದ್ದೆ. ನಮ್ಮೂರ ಅಂಚೆ ಕಚೇರಿ ಮುಚ್ಚಿದ ಮೇಲೆ ಅಂಗಡಿ ಮೂಲೇಲಿ ಒಂದು ಕಿಟಕಿ ಮಾಡಿ ಇರ್ಯಾನ ಕೂರಿಸಿದಾರಲ್ಲ, ಅವಳು ನನ್ನನ್ನ ಕೈಬೀಸಿ ಕರೆದಳು. ಒಂದು ರಿಜಿಸ್ಟರ್ ಕಾಗದ ತಳ್ಳಿದಳು. ಲಕೋಟೆ ಮೇಲೆ ದಪ್ಪ ಅಕ್ಷರದಲ್ಲಿ ವಸೂಲಿ ಕಂಪನಿಯ ಹೆಸರು. ಅವಳು ಒಳ್ಳೆಯವಳು. ಅದರ ಮೇಲೆ ಪತ್ರಿಕೆ ಮುಚ್ಚಿ, "ನಾನೇನೂ ನೋಡಿಲ್ಲ ಸಿನಿಕ್ಕಾ" ಅಂದಳು. ನನಗೆ ಕೇಳಿಸಲಿ ಅಂತ ಕೂಗಿ ಹೇಳಿದಳು. ಸಾಲಿನಲ್ಲಿ ನಿಂತಿದ್ದ ಆರೇಳು ಜನ ತಮ್ಮ ತಮ್ಮ ಬುಟ್ಟಿ ನೋಡ್ತಾ ನಿಂತರು. ಹಾಲು ತಗೊಳ್ಳೋದು ಮರೆತು ಮನೆಗೆ ಬಂದೆ.

ನೀನಿದ್ದ ಬಾಡಿಗೆ ಮನೆಗೆ ಆದ ಹಾನಿಗೆ ಮೂರು ಸಾವಿರದ ಎಂಟುನೂರು ಯೂರೋ, ಅದರ ಮೇಲೆ ವಸೂಲಿ ಖರ್ಚು. ನೀನು ಕಟ್ಟಿಲ್ಲವಂತೆ. ಜಾಮೀನು ಹಾಕಿದವಳು ಕಟ್ಟಬೇಕಂತೆ. ಇಲ್ಲದಿದ್ರೆ ಕೋರ್ಟು, ಆಮೇಲೆ ಸಾಲ ಕಟ್ಟದವರ ಪಟ್ಟೀಲಿ ಹೆಸರು.

ಏನು ಮಾಡಿದೆ ಆ ಮನೆಗೆ? ನಾನು ಬಂದಾಗ ಗೋಡೆ ಮೇಲೆ ಒಂದು ಗೀರು ಇರಲಿಲ್ಲ. ಮೂರು ತಿಂಗಳಲ್ಲಿ ಏನಾಯ್ತು? ನೇರವಾಗಿ ಕೇಳ್ತೀನಿ, ಬೇಜಾರಾದರೆ ಆಗಲಿ: ಅಪ್ಪನ ಹಾಗೆ ನೀನೂ ಬಾಟ್ಲಿ ಹಿಡಿದಿದೀಯಾ? ಹೆಂಡತಿ ಬಿಟ್ಟು ಹೋದ ಮೇಲೆ ಗಂಡಸರು ಹಾಳಾಗೋದನ್ನ ನಾನು ಈ ಊರಲ್ಲಿ ಎಷ್ಟು ನೋಡಿಲ್ಲ. ಅಪ್ಪ ಅಷ್ಟು ಕುಡಿದರೂ ನಮ್ಮ ಮನೆ ಬಾಗಿಲಿಗೆ ಇಂಥ ಕಾಗದ ಬರೋಕೆ ಅಮ್ಮ ಬಿಟ್ಟಿರಲಿಲ್ಲ.

ಉತ್ತರ ಬರಿ. ಮುಚ್ಚಿಡಬೇಡ.

ಸಿನಿಕ್ಕಾ

*

ಕಾರ್ಹುಲಾ, 25 ಜನವರಿ 2012

ಪ್ರಿಯ ಅಕ್ಕ,

ಆ ಪತ್ರ ನಿನಗೆ ತಲುಪಬಾರದಿತ್ತು. ಜನರ ಎದುರು ನೀನು ಅನುಭವಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ.

ನಾನು ಕುಡಿಯುತ್ತಿಲ್ಲ.

ಹಾನಿಯ ಸ್ವರೂಪ ನಿನಗೆ ಸಂಬಂಧಿಸಿದ್ದಲ್ಲ, ಅದನ್ನು ಕೇಳಬೇಡ. ವಿಷಯ ನನ್ನ ಕೈಯಲ್ಲಿದೆ. ಏಪ್ರಿಲ್‌ನಲ್ಲಿ ವಿಮಾ ಕಂಪನಿಯವರು ಒಪ್ಪಂದಕ್ಕೆ ಮೊದಲು ಆ ಪಟ್ಟಿಯನ್ನು ನೋಡುತ್ತಾರೆ. ಅದರಲ್ಲಿ ಹೆಸರಿರುವವನಿಗೆ ಕೆಲಸ ಕೊಡುವುದಿಲ್ಲ. ಹಾಗಾದರೆ ನನಗೆ ಉಳಿಯುವುದು ಏನೂ ಇಲ್ಲ ಎಂಬುದನ್ನು ನಾನು ಬಲ್ಲೆ. ಆದ್ದರಿಂದ ಎಚ್ಚರದಿಂದಲೇ ನಡೆಯುತ್ತಿದ್ದೇನೆ. ನೀನು ಏನೂ ಮಾಡಬೇಕಾಗಿಲ್ಲ.

ತೈಸ್ತೋ

*

ನುರ್ಮೆಸ್, 22 ಫೆಬ್ರವರಿ 2012

ಪ್ರೀತಿಯ ತಮ್ಮಾ,

ನಿನ್ನೆ ಉಪವಾಸದ ಮುಂಚಿನ ಮಂಗಳವಾರ. ಬಟಾಣಿ ಸಾರು ಮಾಡಿ, ಕೆನೆ ತುಂಬಿದ ಬನ್ನು ಎರಡು ತಿಂದೆ. ಪಕ್ಕದ ಮನೆ ಮಕ್ಕಳು ನನ್ನನ್ನೂ ಜಾರುಗಾಡಿ ಮೇಲೆ ಕೂರಿಸಿ ಗುಡ್ಡದಿಂದ ತಳ್ಳಿದರು. "ಅಜ್ಜಿ, ಕಾಲೆತ್ತಿ!" ಅಂತ ಅವು ಕೂಗ್ತಿದ್ವಂತೆ. ನನಗೆಲ್ಲಿ ಕೇಳಬೇಕು, ಹಿಮದಲ್ಲಿ ಹೂತುಹೋದೆ.

ವಸಂತದಲ್ಲಿ ಹೊಲಿಗೆ ಗುಂಪಿನವರು ಹಡಗಲ್ಲಿ ಟ್ಯಾಲಿನ್‌ಗೆ ಹೋಗ್ತಿದಾರೆ. ನಾನು ಹೋಗ್ತಿಲ್ಲ, ಸೊಂಟ ನೋವು. ಛಾವಣಿಯ ತಗಡು ಬದಲಾಯಿಸೋದನ್ನೂ ಮುಂದಿನ ವರ್ಷಕ್ಕೆ ಹಾಕಿದೀನಿ. ಹಳೇ ತಗಡು ಗಟ್ಟಿಯಾಗೇ ಇದೆ.

ಆ ಕಾಗದದ ವಿಷಯ ನಾನಿನ್ನು ಎತ್ತಲ್ಲ. ನೀನೂ ತಲೆ ಕೆಡಿಸ್ಕೋಬೇಡ. ನೆಮ್ಮದಿಯಾಗಿ ಕೆಲಸ ಮಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಸಿನಿಕ್ಕಾ

*

ಕಾರ್ಹುಲಾ, 9 ಮಾರ್ಚ್ 2012

ಅಕ್ಕ,

ಬಾಡಿಗೆ ತಕರಾರುಗಳನ್ನು ತೀರ್ಮಾನಿಸುವ ಮಂಡಳಿಯಿಂದ ಇಂದು ಪತ್ರ ಬಂದಿದೆ. "ಜಾಮೀನುದಾರರು ಪೂರ್ತಿ ಮೊತ್ತವನ್ನು ಯಾವ ಆಕ್ಷೇಪವೂ ಇಲ್ಲದೆ ಪಾವತಿಸಿರುವುದರಿಂದ ಕಡತವನ್ನು ಮುಚ್ಚಲಾಗಿದೆ."

ನೀನು ಕಟ್ಟಿದೆ. ಛಾವಣಿಯ ಹಣದಿಂದ.

ನಾನು ಹಣವಿಲ್ಲದೆ ಸುಮ್ಮನಿದ್ದೆನೆಂದು ತಿಳಿದೆಯಾ? ನಾನು ತಕರಾರು ಸಲ್ಲಿಸಿದ್ದೆ. ತಕರಾರು ಇರುವವರೆಗೆ ತೀರ್ಪಿಲ್ಲದೆ ಯಾರ ಹೆಸರೂ ಆ ಪಟ್ಟಿಗೆ ಹೋಗುವಂತಿಲ್ಲ. ಈಗ ನಮ್ಮ ಕಡೆಯಿಂದಲೇ ಇಡೀ ಬಿಲ್ಲನ್ನು ಒಪ್ಪಿಕೊಂಡಂತೆ ಆಗಿದೆ.

ನಡೆದದ್ದನ್ನು ಬರೆಯುತ್ತೇನೆ, ಮೊದಲೇ ಬರೆಯಬೇಕಿತ್ತು. ಹಜಾರದ ಮರದ ನೆಲದಲ್ಲಿ ಕೆಲವು ಹಲಗೆಗಳು ಊದಿಕೊಂಡು ಕಪ್ಪಾಗಿದ್ದವು. ಪರೀಕ್ಷೆಯ ದಿನ ರೌಹಾಲಾ ಮಂಡಿಯೂರಿ ಅದರ ಮೇಲೆ ಬೆರಳಾಡಿಸಿದರು.

"ನೀವು ತೇವ ಅಳೆಯೋರಲ್ವಾ?" ಎಂದರು.

"ಹೌದು."

"ಅಳೆದ್ರಾ?"

"ಅಳೆದಿದ್ದೇನೆ."

"ಎಲ್ಲಿಂದ ಬಂತು ನೀರು?"

ನಾನು ಮನೆಯ ಕೀಲಿಕೈಯನ್ನು ಅವರತ್ತ ಚಾಚಿದೆ. ಅವರು ಎದ್ದು ಮಂಡಿ ಕೊಡವಿಕೊಂಡರು. "ವೈದ್ಯರ ಮನೇಲೇ ಕೆಮ್ಮು. ಊರವರಿಗೆಲ್ಲ ಕಾರಣ ಬರೆದುಕೊಡೋ ನೀವು ನಿಮ್ಮ ಕಾಲಡಿಯದ್ದು ಹೇಳ್ತಿಲ್ಲ. ಇರಲಿ, ಬಿಲ್ಲು ಕಳಿಸ್ತೀನಿ ಬಿಡಿ."

ಬಿಲ್ಲಿನಲ್ಲಿ ಇದ್ದದ್ದು ಕೆಟ್ಟ ಹಲಗೆಗಳಲ್ಲ. ಎರಡು ಕೋಣೆ ಮತ್ತು ಅಡುಗೆಮನೆಗೆ ಹೊಸ ನೆಲ. ಅಲ್ಲಿದ್ದ ನೆಲ ನಾವು ಚಿಕ್ಕವರಿದ್ದಾಗ ಹಾಕಿದ್ದು. ಅದರ ಆಯುಷ್ಯ ಎಂದೋ ಮುಗಿದಿತ್ತು. ಹಾಳಾದ ಭಾಗಕ್ಕೆ, ನೆಲದ ವಯಸ್ಸನ್ನು ಕಳೆದು, ನ್ಯಾಯವಾದುದನ್ನು ಕೊಡುತ್ತೇನೆ ಎಂದು ನಾನು ಎರಡು ಬಾರಿ ಬರೆದೆ. ಉತ್ತರವಾಗಿ ವಸೂಲಿ ನೋಟೀಸು ಬಂತು.

ಹೀಗಿರುವಾಗ ನೀನು ಒಂದು ಮಾತು ನನ್ನನ್ನು ಕೇಳಬೇಕಿತ್ತು.

ತೈಸ್ತೋ

*

ನುರ್ಮೆಸ್, 20 ಮಾರ್ಚ್ 2012

ತೈಸ್ತೋ,

ಕೇಳಿದ್ದೆ. ಜನವರೀಲಿ ಕೇಳಿದ್ದೆ. "ನಿನಗೆ ಸಂಬಂಧಿಸಿದ್ದಲ್ಲ" ಅಂತ ಬರೆದವನು ನೀನು.

ನಿನ್ನ ಕಾಗದ ಓದಿ ಎರಡು ದಿನ ಕೋಪ ಮಾಡ್ಕೊಂಡು ಕೂತಿದ್ದೆ. ಮೂರನೇ ದಿನ ರೈಲು ಹತ್ತಿ ಕೋಟ್ಕಾಗೆ ಹೋದೆ. ನಿನಗೆ ಹೇಳಲಿಲ್ಲ. ನಾನು ಕೊಟ್ಟ ದುಡ್ಡನ್ನ ನಾನೇ ಆ ರೌಹಾಲಾ ಹತ್ರ ವಾಪಸ್ ಕೇಳ್ತೀನಿ, ಕಿವಿ ಕೇಳದ ಮುದುಕಿ ಜೊತೆ ಎಷ್ಟು ಹೊತ್ತು ವಾದ ಮಾಡ್ತಾನೋ ನೋಡೋಣ ಅಂತ ಹೋದೆ.

ನೀನಿದ್ದ ಮನೆಗೇ ಹೋದೆ, ಬಾಗಿಲು ತೆಗೆದದ್ದು ಅವನ ಮಗಳು ಮಿಂಟ್ಟು. ಬಸುರಿ. ನಾನು ಯಾರು ಅಂತ ಹೇಳೋಕೆ ಮೊದಲೇ, "ಒಳಗೆ ಬನ್ನಿ, ಹೊರಗೆ ಚಳಿ" ಅಂದಳು. ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಹೋದೆ. ಹಜಾರದ ನೆಲದ ಮೇಲೆ ಅಂಗಡಿಯಿಂದ ತಂದ ಬೂದು ಬಣ್ಣದ ದೊಡ್ಡ ಕಾರ್ಪೆಟ್ಟು ಹಾಸಿತ್ತು. ಅದರ ಪಕ್ಕದಲ್ಲಿ ಕಂಡ ನೆಲ ಆಗಸ್ಟಿನಲ್ಲಿ ನಾನು ನೋಡಿದ್ದೇ. ಹೊಸದಲ್ಲ.

"ನೆಲ ಹೊಸದು ಹಾಕಿಸಿದ್ರಂತಲ್ಲ?" ಅಂದೆ.

"ಅಪ್ಪ ಹಾಕಿಸ್ತೀನಿ ಹಾಕಿಸ್ತೀನಿ ಅಂತಾನೇ ಇದಾರೆ" ಅಂದಳು, ನನ್ನ ಕಿವಿ ಹತ್ರ ಬಗ್ಗಿ. "ದುಡ್ಡು ಬಂತು, ದೋಣಿಗೆ ಎಂಜಿನ್ ಹಾಕಿಸಿದ್ರು. ಮುಂಚೆ ಇದ್ದೋರು ತೇವ ಅಳೆಯೋರಂತೆ ಆಂಟಿ, ಅವರೇ ನೆಲ ಕೆಡಿಸಿ ಹೋಗಿದಾರೆ. ನಗು ಬರಲ್ವಾ? ನಾನೇ ಕಾರ್ಪೆಟ್ಟು ಮುಚ್ಚಿದೆ."

"ತೋರ್ಸಮ್ಮಾ" ಅಂದೆ.

ಅವಳಿಗೆ ಬಗ್ಗೋಕೆ ಆಗಲ್ಲ. ನಾನೇ ಮಂಡಿಯೂರಿ ಕಾರ್ಪೆಟ್ಟು ಮಡಚಿದೆ.

ಎರಡು ಕಪ್ಪು ಪಟ್ಟೆ, ಉದ್ದಕ್ಕೆ. ಅಡುಗೆಮನೆ ಬಾಗಿಲ ಹತ್ರ, ಒಂದರ ತುದಿ ಇನ್ನೊಂದರ ಮೇಲೆ ಬಂದಿದ್ದ ಕಡೆ, ಕಪ್ಪು ಇನ್ನೂ ದಟ್ಟ. ಅಂಚಿನಲ್ಲಿ ಗೊಂಡೆಯ ಎಳೆ ಎಳೆ ಕೂಡ ಮೂಡಿತ್ತು. ನಾನು ಹಾಸಿದ ಜಮಖಾನ ಎದ್ದು ಹೋಗಿ ಅದರ ನೆರಳು ಅಲ್ಲೇ ಉಳಿದ ಹಾಗೆ.

"ಆಂಟಿ, ಹುಷಾರಿದೀರಾ? ಕಾಫಿ ಮಾಡ್ಲಾ?" ಅಂತ ಆ ಹುಡುಗಿ ಭುಜ ಹಿಡ್ಕೊಂಡಳು. ಬೇಡ ಅಂದೆ. ರೌಹಾಲಾ ಬರೋವರೆಗೆ ಕಾದೆ. ಬಂದ. "ಇದನ್ನ ಮಾಡಿದ್ದು ನಾನು. ನನ್ನ ತಮ್ಮ ಊರಲ್ಲೇ ಇರಲಿಲ್ಲ" ಅಂದೆ. ಅವನು ಬೂಟು ಬಿಚ್ತಾ, "ಯಾರು ಮಾಡಿದ್ರೇನಮ್ಮಾ, ದುಡ್ಡು ಬಂತು, ಮುಗೀತು" ಅಂದ. ಬಿಡಿಸಿ ಬಿಡಿಸಿ ಎರಡು ಸಲ ಹೇಳಿದ, ನನಗೆ ಕೇಳಿಸಲಿಲ್ಲ ಅಂದ್ಕೊಂಡು. ದುಡ್ಡು ಕೇಳೋಕೆ ಹೋದವಳು ಕೇಳದೆಯೇ ಬೂಟು ಹಾಕ್ಕೊಂಡು ಹೊರಟುಬಂದೆ.

ನೀನಿರೋ ಕಾರ್ಹುಲಾ ಅಲ್ಲಿಂದ ಬಸ್ಸಿನಲ್ಲಿ ಎಷ್ಟು ಹೊತ್ತು? ಬರಬೇಕಿತ್ತು. ಬರೋಕೆ ಮುಖ ಇರಲಿಲ್ಲ.

ಈಗ ಹೇಳು. ಅಕ್ಟೋಬರಿನಲ್ಲಿ ಜಮಖಾನ ಎತ್ತಿದ ತಕ್ಷಣ ನಿನಗೆ ಗೊತ್ತಾಯ್ತು. ನಿನ್ನ ಕಸುಬೇ ಅದು. ಗೊತ್ತಿದ್ದೂ "ಜಮಖಾನಗಳು ಚೆನ್ನಾಗಿವೆ" ಅಂತ ಬರೆದೆ. ನಾನು ಊರೆಲ್ಲ ಹೇಳ್ಕೊಂಡು ತಿರುಗಿದೆ. ಫೋಟೋ ಕಳಿಸು ಅಂದೆ. ನಿನ್ನನ್ನ ಕುಡುಕ ಅಂದೆ. ಅದನ್ನೂ ನುಂಗಿದೆ. ನನ್ನನ್ನ ಕಾಪಾಡ್ತಿದೀನಿ ಅಂದ್ಕೊಂಡೆಯೇನೋ. ನನಗೆ ಸೇರಬೇಕಾದ ನಾಚಿಕೆಯನ್ನ ನೀನು ಕಸಿದಿಟ್ಟುಕೊಂಡೆ ಅಷ್ಟೇ. ನಾನೇನು ಮಗುವಾ?

ಸಿನಿಕ್ಕಾ

*

ಕಾರ್ಹುಲಾ, 2 ಏಪ್ರಿಲ್ 2012

ಪ್ರಿಯ ಅಕ್ಕ,

ಈ ಪತ್ರವನ್ನು ನಾಲ್ಕು ಬಾರಿ ಬರೆದು ಹರಿದಿದ್ದೇನೆ.

ಹೌದು, ಎತ್ತಿದ ಕೂಡಲೇ ತಿಳಿಯಿತು. ಉಪಕರಣ ಬೇಕಾಗಿರಲಿಲ್ಲ. ವಾಸನೆಯೇ ಸಾಕಿತ್ತು.

ಆದರೆ ನೀನು ಭಾವಿಸಿದಷ್ಟು ನಾನು ಒಳ್ಳೆಯವನಲ್ಲ. ನಿನ್ನ ಸಂತೋಷವನ್ನು ಕೆಡಿಸಬಾರದೆಂದು ಮೊದಲ ಪತ್ರದಲ್ಲಿ ಸುಮ್ಮನಿದ್ದದ್ದು ನಿಜ. ನಂತರದ ಮೌನ ನಿನಗಾಗಿ ಅಲ್ಲ. ನಾನು ಬರೆಯುವ ಪ್ರತಿ ವರದಿಯಲ್ಲಿ "ಕಾರಣ" ಎಂಬ ಒಂದು ಸಾಲು ಇರುತ್ತದೆ. ಜನ ನನಗೆ ಹಣ ಕೊಡುವುದು ಆ ಸಾಲಿಗಾಗಿ. ಒದ್ದೆ ಜಮಖಾನದಿಂದ ನೆಲ ಹಾಳಾಗುವುದು ನಮ್ಮ ಕಸುಬಿನಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಅದು ನನ್ನ ಮನೆಯಲ್ಲೇ ಆಯಿತೆಂದು ಈ ಊರಿನಲ್ಲಿ ತಿಳಿದರೆ ನಕ್ಕು ಮುಗಿಸುತ್ತಾರೆ ಎಂದು ಹೆದರಿದೆ. ಮಂಡಳಿಗೆ ಸಲ್ಲಿಸಿದ ಹೇಳಿಕೆಯಲ್ಲಿ ನನ್ನ ವೃತ್ತಿಯ ಮೊಹರು ಒತ್ತಿ, "ಕಾರಣ: ಪತ್ತೆಯಾಗಿಲ್ಲ" ಎಂದು ಬರೆದೆ. ಓದಿದವರು ಗೋಡೆಯೊಳಗಿನ ಕೊಳವೆಯನ್ನು ಅನುಮಾನಿಸಲಿ ಎಂಬುದೇ ನನ್ನ ಉದ್ದೇಶವಾಗಿತ್ತು. ರೌಹಾಲಾ ದುಬಾರಿ ಬಿಲ್ಲು ಕಳಿಸಿದರು. ನಾನು ಸುಳ್ಳು ವರದಿ ಕಳಿಸಿದೆ. ನೀನು ಹಣ ಕಟ್ಟದೆ ಹೋಗಿದ್ದರೆ ನಾನು ಗೆಲ್ಲುತ್ತಿದ್ದೆ. ಹಾಗೆ ಗೆದ್ದಿದ್ದರೆ ಮುಂದೆ ನಿನಗೆ ಪತ್ರ ಬರೆಯುವುದು ನನ್ನಿಂದ ಸಾಧ್ಯವಾಗುತ್ತಿರಲಿಲ್ಲ.

ನೆಲ ಬದಲಾಯಿಸಿಲ್ಲವೆಂಬುದನ್ನು ನೀನು ಕಣ್ಣಾರೆ ಕಂಡಿರುವುದರಿಂದ ಹಣ ಹಿಂದಿರುಗಿಸಲು ಕೇಳಬಹುದು ಎಂದು ಮಂಡಳಿಯವರು ತಿಳಿಸಿದ್ದಾರೆ. ಕಟ್ಟಿದವಳು ನೀನು, ಬಾಡಿಗೆದಾರ ನಾನು. ಇಬ್ಬರ ಸಹಿಯೂ ಬೇಕು. ಹೊಸ ಹೇಳಿಕೆಯನ್ನು ಬರೆದು ಇದರೊಂದಿಗೆ ಇಟ್ಟಿದ್ದೇನೆ. ಅದರ ಮುಖ್ಯ ಭಾಗ ಹೀಗಿದೆ:

"ಹಾನಿಯ ಕಾರಣ: ಕಳೆದ ಆಗಸ್ಟ್‌ನಲ್ಲಿ, ಮೋಡ ಕವಿದು ಬಿಸಿಲು ಸಾಲದ ಕಾರಣ, ಪೂರ್ತಿ ಒಣಗದ ಎರಡು ಜಮಖಾನಗಳನ್ನು ನನ್ನ ಅಕ್ಕ ಸಿನಿಕ್ಕಾ ಪ್ರೀತಿಯಿಂದ ನನ್ನ ಮನೆಯಲ್ಲಿ ಹಾಸಿದಳು. ನಾನು ಹಿಂದಿರುಗುವವರೆಗೆ ಮನೆ ಮುಚ್ಚಿತ್ತು. ಜಮಖಾನಗಳನ್ನು ಎತ್ತಿದಾಗಲೇ ಕಾರಣ ನನಗೆ ತಿಳಿದಿತ್ತು. ನನ್ನ ಮೊದಲ ಹೇಳಿಕೆಯಲ್ಲಿ 'ಪತ್ತೆಯಾಗಿಲ್ಲ' ಎಂದು ಬರೆದದ್ದು ಸುಳ್ಳು. ಹಾಳಾದ ಹಲಗೆಗಳಿಗೆ, ಅವುಗಳ ವಯಸ್ಸಿಗೆ ತಕ್ಕಂತೆ, ನಾವು ಹೊಣೆ. ಉಳಿದ ಹಣವನ್ನು ಅಕ್ಕನಿಗೆ ಹಿಂದಿರುಗಿಸಬೇಕು."

ಇದರ ಪ್ರತಿಯನ್ನು ಮೊನ್ನೆ ವಿಮಾ ಕಂಪನಿಯ ಸೈರನೆನ್‌ಗೆ ತೋರಿಸಿದೆ. ನನಗೆ ಕೆಲಸ ಕೊಡುವವನು ಅವನೇ. ಓದಿ ಕನ್ನಡಕ ತೆಗೆದಿಟ್ಟ.

"ಇದನ್ನ ನನಗ್ಯಾಕೆ ತೋರಿಸ್ತೀಯ ಮಾರಾಯ? ನೋಡದೆ ಇದ್ದಿದ್ರೆ ಚೆನ್ನಾಗಿತ್ತು" ಎಂದ.

"ಬೇರೆಯವರು ತೋರಿಸುವ ಮೊದಲು ನಾನೇ ತೋರಿಸಬೇಕು ಅನ್ನಿಸಿತು."

"ಕಳಿಸಲೇಬೇಕಾ? ನಿನ್ನ ಹೆಸರು ಯಾವ ಪಟ್ಟೀಲೂ ಇಲ್ಲ. ಅಕ್ಕ ಕಟ್ಟಿ ಮುಗಿಸಿದಾಳೆ. ಸುಮ್ನಿರು."

"ಕಳಿಸಬೇಕು."

"ಹಾಗಾದ್ರೆ ಈ ವರ್ಷ ನಿನ್ನ ಸಹಿ ಇರೋ ಕಾಗದ ನಾನು ತಗೊಳ್ಳೋಕಾಗಲ್ಲ. ಗೊತ್ತಲ್ವಾ?"

"ಗೊತ್ತು."

"ಮುಂದಿನ ವರ್ಷದ್ದೂ ಹೇಳೋಕಾಗಲ್ಲ."

"ಅದೂ ಗೊತ್ತು."

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. ಆಮೇಲೆ, "ಜಮಖಾನ ಅಂತೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡು, ಕೇಳದೆಯೇ ನನಗೆ ಕಾಫಿ ಸುರಿದ. ನಗಲಿಲ್ಲ.

ಒಣಗಿಸುವ ಯಂತ್ರಗಳನ್ನು ಮನೆಯಿಂದ ಮನೆಗೆ ಹೊತ್ತು ಸಾಗಿಸುವ ಕೆಲಸ ಒಂದು ಕಡೆ ಇದೆ. ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ನನ್ನ ಬೆನ್ನು ಇನ್ನೂ ಗಟ್ಟಿಯಾಗಿದೆ.

ಹೇಳಿಕೆಯನ್ನು ಓದು. ಒಪ್ಪಿಗೆಯಾದರೆ ಸಹಿ ಹಾಕಿ ಕಳಿಸು. ನಿನ್ನ ಹೆಸರು ಅದರಲ್ಲಿ ಬೇಡವೆಂದರೆ "ಅತಿಥಿ" ಎಂದು ತಿದ್ದಿ ಬರೆಯುತ್ತೇನೆ, ಅದು ಸುಳ್ಳಾಗುವುದಿಲ್ಲ.

ತೈಸ್ತೋ

*

ನುರ್ಮೆಸ್, 9 ಏಪ್ರಿಲ್ 2012, ಈಸ್ಟರಿನ ಮಾರನೇ ದಿನ

ತೈಸ್ತೋ,

ಸಹಿ ಹಾಕಿದೀನಿ. ಹೆಸರು ಹಾಗೇ ಇರಲಿ. ನಾನು ಅತಿಥಿ ಅಲ್ಲ.

ನಿನ್ನ ಹೇಳಿಕೇಲಿ ಎರಡು ಕಡೆ ನೀಲಿ ಇಂಕಿನಲ್ಲಿ ಹೊಡೆದು ಹಾಕಿದೀನಿ. ಬೈಬೇಡ. ನಿನ್ನ ಸಾಲು ನೀನು ಸರಿಮಾಡ್ಕೊಂಡೆ, ನನ್ನದು ನಾನು ಮಾಡ್ಕೊಂಡಿದೀನಿ.

"ಮೋಡ ಕವಿದು ಬಿಸಿಲು ಸಾಲದ ಕಾರಣ" ಅನ್ನೋದನ್ನ ಹೊಡೆದೆ. ಆವತ್ತು ಮೋಡ ಇರಲಿಲ್ಲ. ಆಕಾಶ ಒಂದು ಚೂರು ಬಿಳಿ ಇಲ್ಲದ ಹಾಗೆ ಖಾಲಿ ಇತ್ತು. ಕಟ್ಟೆ ಮೇಲಿದ್ದ ಹೆಂಗಸರು, "ಇನ್ನೂ ಒಂದು ದಿನ ಬಿಡ್ರೀ, ಎಲ್ಲಿಗೆ ಓಡ್ತೀರಿ" ಅಂತ ನನ್ನ ತೋಳು ಹಿಡಿದು ಎಳೆದರು. ನಾನೇ ಕೇಳಿಸದ ಹಾಗೆ ಮಾಡಿದೆ. ಕಿವುಡಿಗೆ ಅದೊಂದು ಅನುಕೂಲ.

ಯಾಕೆ ಅಂತ ಬರೀಬೇಕು. ನಿನ್ನ ಮನೇಲಿ ಒಂದು ಕುರ್ಚಿ ಇತ್ತು, ಒಂದು ತಟ್ಟೆ. ಕಾಫಿ ಕುಡಿಯೋಕೆ ಲೋಟ ಹುಡುಕಿದರೆ ಅದೂ ಒಂದೇ. ಗೋಡೇಲಿ ಮೊಳೆ ಇದ್ವು, ಚಿತ್ರ ಒಂದೂ ಇರಲಿಲ್ಲ. ಎರಡು ವರ್ಷ ನೀನು ಅಲ್ಲಿ ಹಾಗೆ ಇದ್ದೆ. ನಾನು ಒಂದು ಸಲಾನೂ ಬಂದು ನೋಡಲಿಲ್ಲ. ಕೆಲಸ ಜಾಸ್ತಿ ಅಂತ ನೀನು ಬರೀತಿದ್ದೆ, ಅದನ್ನ ನಂಬೋದು ನನಗೂ ಸುಲಭ ಇತ್ತು. ಸಂಜೆಯಾದ ಮೇಲೆ ಆ ಒಂದು ಕುರ್ಚಿ ಮೇಲೆ ಕೂತರೆ ಎದುರಿಗೆ ಬರೀ ನೆಲ, ಬರೀ ಗೋಡೆ. ಇನ್ನೊಂದು ಸಂಜೆ ಅಲ್ಲಿ ಕೂರೋಕೆ ನನ್ನ ಕೈಲಾಗಲಿಲ್ಲ. ನೀರು ತೊಟ್ಟಿಕ್ಕೋ ಜಮಖಾನಾನೇ ಕೈಗಾಡಿಗೆ ಹಾಕ್ಕೊಂಡು ಬಂದು, ಆ ಬರೀ ನೆಲ ಕಾಣದ ಹಾಗೆ ಮುಚ್ಚಿ, ಕೀಲಿ ಹಾಕಿ ಓಡಿದೆ. ರೈಲಿನಲ್ಲಿ ಕೂತ ಮೇಲೆ ಹಗುರಾಯ್ತು. ಆ ಹಗುರಕ್ಕೆ ಇವತ್ತಿಗೂ ನಾಚಿಕೆ ಆಗುತ್ತೆ.

ಅದಕ್ಕೇ "ಪ್ರೀತಿಯಿಂದ" ಅನ್ನೋದನ್ನ ಹೊಡೆದು "ಅವಸರದಿಂದ" ಅಂತ ಬರೆದಿದೀನಿ. ಪ್ರೀತಿ ಇತ್ತು, ಇರಲಿಲ್ಲ ಅಂತಲ್ಲ. ಆದರೆ ನೆಲ ಕೆಡಿಸಿದ್ದು ಅದಲ್ಲ.

ಇನ್ನು ತಡ ಮಾಡಬೇಡ. ಕಳಿಸು.

ಸಿನಿಕ್ಕಾ